ಕೆಜಿಗೆ ಎಷ್ಟು ಬಿತ್ತು?

ಹೊಸ ಪಿಕಪ್ ಕೊಳ್ಳುವ ಮಾತು ಮನೆಯಲ್ಲಿ ಎದ್ದಾಗಿನಿಂದ ಹಳೇ ಲೆಕ್ಕದ ಪುಸ್ತಕವೊಂದರಲ್ಲಿ ಪಟ್ಟಿ ಮಾಡುತ್ತ ಬಂದಿದ್ದೇನೆ. ಬೊಲೆರೊ ಪಿಕಪ್, ಅದರ ಪಕ್ಕ ಟಾಟಾ ಯೋಧ, ಅದರಾಚೆ ಅಶೋಕ್ ಲೇಲ್ಯಾಂಡ್ ದೋಸ್ತ್. ಕೆಳಗೆ ಎಕ್ಸ್ ಶೋರೂಮ್ ದರ, ಆನ್ ರೋಡ್ ದರ, ಮೈಲೇಜು, ಸರ್ವೀಸಿಗೆ ಎಷ್ಟು ದೂರ ಹೋಗಬೇಕು, ಐದು ವರ್ಷ ಓಡಿಸಿ ಮಾರಿದರೆ ಎಷ್ಟು ಸಿಕ್ಕೀತು. ನೋಡಿದವರು ಮೆಚ್ಚುತ್ತಾರೆ. ಮೆಚ್ಚಲಿ ಅಂತಲೇ ತೋರಿಸುತ್ತೇನೆ ಅನ್ನುವುದೂ ನಿಜ. ನಮ್ಮ ಅಡಿಕೆ ಸೀಮೆಯಲ್ಲಿ ದುಡ್ಡಿದ್ದವನು ಅನ್ನಿಸಿಕೊಳ್ಳುವುದಕ್ಕಿಂತ ಲೆಕ್ಕಸ್ಥ ಅನ್ನಿಸಿಕೊಳ್ಳುವುದೇ ನನಗೆ ಇಷ್ಟ.

ಲೆಕ್ಕಸ್ಥ ಹೌದು, ಆ ಮಟ್ಟಿಗೆ ಸುಳ್ಳಲ್ಲ. ಸಾಲ ಕೊಡಿಸುವ ಹುಡುಗ ‘ಬರೀ ಏಳು ಪರ್ಸೆಂಟು ಸಾರ್’ ಅಂದಾಗ ಫ್ಲಾಟೋ, ಉಳಿದ ಅಸಲಿನ ಮೇಲೋ ಅಂತ ಕೇಳಿದೆ. ಅವನು ಫೋನು ನೋಡತೊಡಗಿದ. ಎಂಟು ಲಕ್ಷ ಸಾಲ, ನಾಲ್ಕು ವರ್ಷ, ಫ್ಲಾಟ್ 7 ಅಂದರೆ ಬಡ್ಡಿಯೇ 2.24 ಲಕ್ಷ. ತಿಂಗಳು ತಿಂಗಳು ಅಸಲು ಇಳಿಯುವ ಲೆಕ್ಕಕ್ಕೆ ತಂದರೆ ಆ ಏಳು ಹನ್ನೆರಡೂವರೆ ದಾಟುತ್ತದೆ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬಿಲ್ಲಿನಲ್ಲಿ ನುಸುಳಿದ್ದನ್ನೂ ಹೊಡೆಸಿದೆ. ಅಂದರೆ, ನನ್ನ ದುಡ್ಡು ಎಲ್ಲೆಲ್ಲಿ ಸೋರುತ್ತದೆ ಅನ್ನುವುದು ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಹೇಳುವ ವಿಷಯದಲ್ಲಿ ‘ಗೊತ್ತಾಗಲಿಲ್ಲ’ ಅನ್ನುವ ದಾರಿ ನನಗಿಲ್ಲ.

ಹೈಲಕ್ಸ್ ಮೇಲೂ ಕಣ್ಣಿತ್ತು. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. 2022ರಲ್ಲಿ ಬಂದಾಗ ಆರಂಭದ ದರವೇ 33.99 ಲಕ್ಷ ಇತ್ತು. ಗೊಬ್ಬರದ ಚೀಲ ಹೊರುವ ಲೆಕ್ಕಕ್ಕೆ ಬಂದರೆ ಮೂರರಲ್ಲೊಂದು ಪಾಲು ಬೆಲೆಯ ಬೊಲೆರೊ ಮುಂದೆ ಅದು ನಿಲ್ಲುವುದಿಲ್ಲ. ಬಿಟ್ಟೆ. ಬಿಟ್ಟದ್ದನ್ನು ದೊಡ್ಡ ತ್ಯಾಗ ಮಾಡಿದವನ ಹಾಗೆ ಮದುವೆಮನೆಗಳಲ್ಲಿ ಹೇಳಿಕೊಂಡೂ ತಿರುಗಿದೆ. ದೊಡ್ಡ ಆಸೆಯೊಂದನ್ನು ಗೆದ್ದೆ ಅಂದುಕೊಂಡವನಿಗೆ ಸಣ್ಣ ಪ್ರಶ್ನೆಗಳನ್ನು ಕೇಳಿಕೊಳ್ಳುವುದರಿಂದ ರಿಯಾಯಿತಿ ಸಿಕ್ಕ ಹಾಗಾಗುತ್ತದೋ ಏನೋ.

ಸಣ್ಣ ಪ್ರಶ್ನೆ ಇದು: ಸಿಂಗಲ್ ಕ್ಯಾಬೋ, ಡಬಲ್ ಕ್ಯಾಬೋ?

ಬೊಲೆರೊದಲ್ಲಿ ಎರಡೂ ಇವೆ. ಪಿಕಪ್ಪಿನ 1.7 ಟನ್ ಮಾದರಿಗೆ ಒಂಬತ್ತು ಅಡಿಯ ಬಾಡಿ. ಮುಂದೆ ಡ್ರೈವರ್, ಪಕ್ಕದಲ್ಲಿ ಒಬ್ಬರೋ ಇಬ್ಬರೋ. ಕ್ಯಾಂಪರ್ ಅನ್ನುವುದಕ್ಕೆ ಎರಡು ಸಾಲು ಸೀಟು, ಡ್ರೈವರ್ ಬಿಟ್ಟು ನಾಲ್ಕು ಜನ ಬಾಗಿಲು ಹಾಕಿಕೊಂಡು ಕೂರಬಹುದು. ಬಾಡಿ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹೊರುವ ತೂಕ ಒಂದು ಟನ್. ಇವೆರಡನ್ನು ತೂಗಲು ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿಸಿದೆ: ‘ಕೆಜಿಗೆ ಎಷ್ಟು ಬಿತ್ತು’. ಸುಲಭಕ್ಕೆ ಎರಡಕ್ಕೂ ಹತ್ತು ಲಕ್ಷ ಅಂತಿಟ್ಟುಕೊಂಡರೆ ಸಿಂಗಲ್ ಕ್ಯಾಬಿಗೆ ಕೆಜಿಗೆ 588 ರೂಪಾಯಿ, ಡಬಲ್ ಕ್ಯಾಬಿಗೆ ಸಾವಿರ. ಮುಗಿಯಿತಲ್ಲ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ದರವನ್ನು ಕೆಜಿಯಿಂದ ಭಾಗಿಸಿದ ಕೈ ಸೀಟಿನಿಂದ ಯಾಕೆ ಭಾಗಿಸಲಿಲ್ಲ? ಭಾಗಿಸಿದ್ದರೆ ಉತ್ತರ ತಿರುವುಮುರುವಾಗುತ್ತಿತ್ತು. ಅದು ಭಾಗಿಸುವ ಮುಂಚೆಯೇ ನನಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಖಚಿತವಾಗಿ ಹೇಳಲಾರೆ. ಮನಸ್ಸು ಇಂಥದ್ದನ್ನೆಲ್ಲ ಬರೆದಿಟ್ಟು ಮಾಡುವುದಿಲ್ಲ.

ಈಗಿರುವ ಹಳೇ ಪಿಕಪ್ಪಿನಲ್ಲಿ ಏನು ನಡೆಯುತ್ತದೆ ಅಂದರೆ, ಅಡಿಕೆ ಕೊನೆ ಕೊಯ್ಲಿನ ದಿನ ಬೆಳಿಗ್ಗೆ ಕೆಳಗಿನ ಊರಿನಿಂದ ಆಳುಗಳನ್ನು ತರುತ್ತೇವೆ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಮುಂದೆ ಕೂರುತ್ತಾನೆ, ಅವನ ಕೆಲಸಕ್ಕೆ ಆ ಮರ್ಯಾದೆ ಇದೆ. ಉಳಿದವರು ಹಿಂದೆ. ಗಂಡಸರು ಕ್ಯಾಬಿನ್ ಹಿಂದಿನ ಅಡ್ಡಕಂಬಿ ಹಿಡಿದು ನಿಲ್ಲುತ್ತಾರೆ, ಹೆಂಗಸರು ಚಕ್ರದ ಉಬ್ಬಿನ ಮೇಲೆ, ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು. ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಹೊಡೆಯುವಾಗ ಮೈಲುತುತ್ತದ ಡ್ರಮ್ಮಿಗೆ ಒರಗಿಕೊಂಡು, ತಾಡಪಾಲನ್ನು ಎಲ್ಲರೂ ಸೇರಿ ತಲೆಯ ಮೇಲೆ ಎಳೆದುಕೊಂಡು ಬರುತ್ತಾರೆ. ಕಂಬಿ ಒದ್ದೆಯಾದರೆ ಕೈ ಜಾರುತ್ತದೆ ಅಂತ ಒಮ್ಮೆ ಯಾರೋ ಹೇಳಿದರು. ಹಳೇ ಸೈಕಲ್ ಟ್ಯೂಬು ಸೀಳಿ ಕಂಬಿಗೆ ಬಿಗಿಯಾಗಿ ಸುತ್ತಿಸಿದೆ. ಎಂಥ ಒಳ್ಳೆಯ ಮನುಷ್ಯ ನಾನು ಅಂತ ಆಗ ಒಳಗೊಳಗೇ ಅನ್ನಿಸಿತ್ತು. ಈಗ ಆ ಟ್ಯೂಬನ್ನು ನೋಡಿದರೆ, ಅಪಾಯ ಇದೆಯೆಂದು ನನಗೆ ಗೊತ್ತಿತ್ತು ಅನ್ನುವುದಕ್ಕೆ ನಾನೇ ಸುತ್ತಿಟ್ಟ ಸಾಕ್ಷಿಯ ಹಾಗಿದೆ.

ಕಾನೂನೂ ಗೊತ್ತು. ಸರಕಿನ ಗಾಡಿಗೆ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೆ ಫಿಟ್‌ನೆಸ್ ಸರ್ಟಿಫಿಕೇಟು, ಆಮೇಲೆ ವರ್ಷವರ್ಷ. ಒಟ್ಟು ತೂಕ 3,000 ಕೆಜಿ ದಾಟದಿದ್ದರೆ ಪರ್ಮಿಟ್ ಬೇಡ. 7,500 ಕೆಜಿವರೆಗಿನ ಸರಕಿನ ಗಾಡಿಯನ್ನು ಮಾಮೂಲಿ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು. ಅದನ್ನು ಪೇಪರಿನಲ್ಲಿ ಓದಿ ಖುಷಿಪಟ್ಟೆ, ಬೇರೆ ಲೈಸೆನ್ಸಿನ ತಾಪತ್ರಯ ತಪ್ಪಿತಲ್ಲ ಅಂತ. ಹಾಗೆಯೇ, ಸರಕಿನ ಗಾಡಿಯ ಹಿಂದೆ ಜನರನ್ನು ಕೂರಿಸಿಕೊಂಡು ಹೋಗುವಂತಿಲ್ಲ ಅನ್ನುವುದೂ, ಹೋಗಿ ಏನಾದರೂ ಆದರೆ ಅಂಥವರು ವಿಮೆಯ ಆಸರೆಗೆ ಬರುವುದಿಲ್ಲ ಅನ್ನುವುದೂ ಗೊತ್ತು. ಸರಕಿನ ಯಜಮಾನನೋ ಅವನ ಪರವಾಗಿ ಬಂದವನೋ ಆದರೆ ಮಾತು ಬೇರೆ. ಆ ಯಜಮಾನ ನಾನು. ನಾನು ಮುಂದೆ ಕೂತಿರುತ್ತೇನೆ.

ಸಮಜಾಯಿಷಿಗಳೂ ಇವೆ. ಎಲ್ಲರೂ ಹೀಗೇ ಕರೆತರುತ್ತಾರೆ. ಅವರ ಊರಿಗೆ ಬೆಳಿಗ್ಗೆ ಬಸ್ಸಿಲ್ಲ. ಜೀಪು ಕಳಿಸುತ್ತೇನೆ ಅಂದರೆ ಅದರ ಬಾಡಿಗೆ ಕೂಲಿಯಲ್ಲಿ ಹಿಡಿದಾರು ಅಂತ ಅವರೇ ಬೇಡ ಅನ್ನಬಹುದು. ‘ಅನ್ನಬಹುದು’ ಅಂದೆ, ಕೇಳಿದವನಲ್ಲ. ಇವುಗಳಲ್ಲಿ ನಿಜಕ್ಕೂ ತೂಕವಿರುವುದು ಒಂದೇ: ಬರುವವರು ಏಳೆಂಟು ಜನ, ಕ್ಯಾಂಪರಿನಲ್ಲಿ ಹಿಡಿಸುವುದು ನಾಲ್ವರು. ಉಳಿದವರು ಮತ್ತೆ ಹಿಂದೆಯೇ ತಾನೆ? ಮಾತು ಸರಿ. ಆದರೆ ಎರಡು ಸಲ ಹೋಗಿ ಬಂದರೆ ಆಯಿತು, ಹೆಚ್ಚೆಂದರೆ ಅರ್ಧ ಗಂಟೆ ಮತ್ತು ಒಂದಿಷ್ಟು ಡೀಸೆಲ್ಲು. ಅರ್ಧ ಪರಿಹಾರ ಪರಿಹಾರವೇ ಅಲ್ಲ ಅನ್ನುವ ಈ ಕಟ್ಟುನಿಟ್ಟು ನನಗೆ ಬೇರೆ ಯಾವ ವಿಷಯದಲ್ಲೂ ಬರುವುದಿಲ್ಲ. ಹ್ಯಾಂಡ್ಲಿಂಗ್ ಚಾರ್ಜಿನಲ್ಲಿ ಅರ್ಧ ಬಿಟ್ಟಿದ್ದರೂ ಖುಷಿಯಿಂದ ಒಪ್ಪುತ್ತಿದ್ದೆ.

ಡಬಲ್ ಕ್ಯಾಬಿನ ಯೋಚನೆ ನನಗೆ ಬಂದೇ ಇರಲಿಲ್ಲ ಅಂತಲೂ ಅಲ್ಲ. ಬಂದಾಗ ಹಿಂದಿನ ಸೀಟಿನಲ್ಲಿ ಕಂಡದ್ದು ರಜೆಗೆ ಬರುವ ತಂಗಿಯ ಮಕ್ಕಳು. ಅವರು ವರ್ಷಕ್ಕೆ ಒಂದು ವಾರ ಇರುತ್ತಾರೆ, ಅದಕ್ಕಾಗಿ ಇಷ್ಟು ಬಾಡಿ ಕಳೆದುಕೊಳ್ಳುವುದು ದಂಡ ಅಂತ ತೀರ್ಮಾನಿಸಿದೆ. ಆಳುಗಳು ಆ ಸೀಟಿನಲ್ಲಿ ಕೂತ ಚಿತ್ರ ಕಣ್ಣಿಗೆ ಬರಲೇ ಇಲ್ಲ. ದುಡ್ಡು ಉಳಿಸಬೇಕೆಂದು ಅವರನ್ನು ಹೊರಗಿಟ್ಟೆ ಅಂದಿದ್ದರೆ ಕನಿಷ್ಠ ಅದೊಂದು ಲೆಕ್ಕವಾಗುತ್ತಿತ್ತು. ಹೊರಗಿಡಲೂ ನೆನಪಾಗಲಿಲ್ಲ.

ದುಡ್ಡಿನ ಮಾತೂ ಪೂರ್ತಿ ನಿಲ್ಲುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಮೊದಲು ಎಕ್ಸ್ ಶೋರೂಮ್ ಹತ್ತು ಲಕ್ಷ ಇದ್ದದ್ದು ಇಳಿಕೆ ಪೂರ್ತಿ ಸಿಕ್ಕರೆ 9.22 ಲಕ್ಷ, ಅಂದರೆ 78 ಸಾವಿರ ಕಡಿಮೆ. ನನಗೆ ಸಿಕ್ಕ ಕೊಟೇಶನ್‌ಗಳಲ್ಲಿ ಸಿಂಗಲ್ಲಿಗೂ ಡಬಲ್ಲಿಗೂ ಇದ್ದ ಅಂತರ ಅದಕ್ಕಿಂತ ಕಡಿಮೆ. ಸರ್ಕಾರ ಆ ನಾಲ್ಕು ಸೀಟಿನ ದುಡ್ಡನ್ನು ನನ್ನ ಕೈಗೇ ವಾಪಸ್ ಕೊಟ್ಟ ಹಾಗಾಯಿತು. ನಾನು ಅದರಲ್ಲಿ ಎಸಿ ಇರುವ ಮಾದರಿಗೆ ಏರಿದೆ. ಸೆಖೆ ಈಗೀಗ ಜಾಸ್ತಿ, ನಿಜ. ಎಸಿ ಇರುವುದು ಕ್ಯಾಬಿನ್ನಿಗೆ.

ಇದನ್ನೆಲ್ಲ ಬರೆಯುವಾಗ ಇನ್ನೊಂದು ಅನುಮಾನ. ಬರೆದುಬಿಟ್ಟರೆ ಅರ್ಧ ಸಾಲ ತೀರಿದಂತೆ ಅಂತ ನನ್ನೊಳಗಿನ ಲೆಕ್ಕಸ್ಥ ಆಗಲೇ ಜಮಾ ಮಾಡಿಕೊಳ್ಳುತ್ತಿರಬಹುದು. ಓದಿದವರು ಎಷ್ಟು ಪ್ರಾಮಾಣಿಕ ಅಂದಾರು, ಅದೂ ಒಂದು ಆದಾಯವೇ. ಕಂಬಿ ಹಿಡಿದು ನಿಂತವರಿಗೆ ಇದರಿಂದ ಏನೂ ಸಿಕ್ಕಿಲ್ಲ.

ಬಿಲ್ ಆಗುವವರೆಗೆ ಮಾದರಿ ಬದಲಾಯಿಸಬಹುದು, ಮುಂಗಡಕ್ಕೆ ಏನೂ ಆಗುವುದಿಲ್ಲ ಅಂತ ಶೋರೂಮಿನವರು ಹೇಳಿದ್ದಾರೆ. ಇವತ್ತಿನವರೆಗೆ ಬುಕಿಂಗ್ ಇರುವುದು ಸಿಂಗಲ್ ಕ್ಯಾಬಿಗೇ.