ಜಯನಗರದ ಶಿಶಿರಶೋಭೆ

ಶೀತದೇಶಗಳಲ್ಲಿ ಶರದೃತುವು ಬಂದಿತೆಂದರೆ ವನಗಳೆಲ್ಲ ಕೆಂಪು, ಹೊಂಬಣ್ಣಗಳಿಂದ ಜ್ವಲಿಸುವುವು. ಅದರ ಚಿತ್ರಗಳನ್ನು ಕಂಡ ಗೃಹಸ್ಥರಿಗೆ, ಆ ಮೇಪಲ್ ವೃಕ್ಷವನ್ನು ಜಯನಗರದ ಅಥವಾ ಬನಶಂಕರಿಯ ತಮ್ಮ ಅಂಗಳದಲ್ಲಿಯೂ ಏಕೆ ಬೆಳೆಸಬಾರದೆಂಬ ಆಸೆಯುಂಟಾಗುವುದು ಸಹಜವೇ. ಆದರೆ ಅಲ್ಲಿ ಹಗಲು ಕುಗ್ಗಿ ರಾತ್ರಿಗಳು ತಣ್ಣಗಾದಾಗ ಎಲೆಯೊಳಗಿನ ಪತ್ರಹರಿತ್ತು ನಶಿಸಿ, ಮರೆಯಾಗಿದ್ದ ಹಳದಿಯು ಹೊರದೋರುವುದು. ಕೆಂಪು ಹೊಸದಾಗಿ ಹುಟ್ಟುವುದು. ಲಂಡನ್ನಿನ ಅತಿದೀರ್ಘವಾದ ಹಗಲಿಗೂ ಅತ್ಯಲ್ಪವಾದ ಹಗಲಿಗೂ ಎಂಟು ಗಂಟೆಗಳಿಗೆ ಮೀರಿದ ಅಂತರವುಂಟು. ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಆಶ್ವಯುಜವಾದರೋ ಮಳೆಯಲ್ಲಿ ತೊಯ್ದ ಮರಗಳು ಹಸುರೇರಿ ನಿಲ್ಲುವ ಕಾಲ.

ಹಾಗಾದರೆ ನಮಗೆ ಪರ್ಣವೈಭವವೇ ಇಲ್ಲವೆ? ಉಂಟು, ಅದಕ್ಕೆ ಶಿಶಿರದವರೆಗೆ ಕಾದಿರಬೇಕು. ಮಾಘಮಾಸದ ಒಂದು ಮುಂಜಾನೆ ಲಾಲ್‌ಬಾಗಿನಿಂದ ದಕ್ಷಿಣಾಭಿಮುಖವಾಗಿ ಹೊರಟು, ಸೌತ್ ಎಂಡ್ ವೃತ್ತವನ್ನು ದಾಟಿ ಜಯನಗರದ ಬೀದಿಗಳನ್ನು ಹೊಕ್ಕರೆ ಈ ಮಾತು ಮನದಟ್ಟಾಗುವುದು. ಕಾಡುಬಾದಾಮಿಯ ಅಗಲವಾದ ಎಲೆಗಳು ರಕ್ತವರ್ಣ ತಾಳಿ ಒಂದೊಂದಾಗಿ ನೆಲಕ್ಕಿಳಿಯುತ್ತಿರುವುವು. ಹೊಳೆದಾಸವಾಳದ ಎಲೆಗಳು ಉದುರುವ ಮುನ್ನ ಕೆಂಪಾಗುವುವು. ಅರಳಿಯ ಮರವು ಬರಿದಾಗಿ, ಕೆಲವೇ ದಿನಗಳಲ್ಲಿ ತಾಮ್ರವರ್ಣದ ಚಿಗುರನ್ನು ಹೊದೆಯುವುದು. ಮಾವು, ನಾಗಸಂಪಿಗೆಗಳು ಎಲ್ಲ ಎಲೆಗಳನ್ನೂ ಒಮ್ಮೆಗೇ ಉದುರಿಸದೆಯೇ ಕೆಂಪು ಪಲ್ಲವಗಳನ್ನು ತಳೆಯುವುವು. ಶೀತದೇಶದಲ್ಲಿ ಬಣ್ಣವು ಎಲೆಯ ಅಂತ್ಯಕಾಲದ ಅಲಂಕಾರ. ನಮ್ಮಲ್ಲಿ ಬಹುಮಟ್ಟಿಗೆ ಅದು ಜನನಕಾಲದ ಅಲಂಕಾರ.

೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು. ಪರದೇಶದ ಮರಗಳನ್ನು ತಂದವರಾದರೂ ಅವರು ಈ ನೆಲದ ಋತುಕ್ರಮವನ್ನೇ ಅನುಸರಿಸಿದರು. ಗೃಹಸ್ಥನು ಅನುಕರಿಸತಕ್ಕುದು ಈ ವಿವೇಕವನ್ನು.

ಮೂವತ್ತಡಿ ನಲವತ್ತಡಿಯ ನಿವೇಶನದಲ್ಲಿ ಎಲ್ಲಕ್ಕೂ ಸ್ಥಳವಿರದು. ಅರಳಿಯ ಬೇರು ಗೋಡೆಯನ್ನು ಸೀಳುವುದು. ಕಾಡುಬಾದಾಮಿಯು ಅಂತಸ್ತು ಅಂತಸ್ತಾಗಿ ಕೊಂಬೆಗಳನ್ನು ಚಾಚಿ ನೆರೆಮನೆಯನ್ನು ಆಕ್ರಮಿಸುವುದು. ಆದಕಾರಣ, ಗೋಡೆಗೆ ತಾಗದಷ್ಟು ಬಯಲಿದ್ದರೆ ಹೊಳೆದಾಸವಾಳವೊಂದನ್ನು ನೆಡುವುದು ಲೇಸು. ಶಿಶಿರದಲ್ಲಿ ಅದರ ಎಲೆ ಕೆಂಪು. ವಸಂತದಿಂದಾಚೆಗೆ ನೇರಳೆಬಣ್ಣದ ಹೂಗೊಂಚಲು. ನಿಧಾನವಾಗಿ ಬೆಳೆದರೂ ಚಿಂತೆಯಿಲ್ಲವೆನ್ನುವವರು ನಾಗಸಂಪಿಗೆಯನ್ನು ಆರಿಸಬಹುದು. ಮುಂಗಾರಿನ ಆರಂಭದಲ್ಲಿ ಎರಡಡಿ ಗುಣಿಯನ್ನು ತೋಡಿ, ಮಣ್ಣಿಗೆ ಹಳೆಯ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ಸಸಿಯನ್ನು ನೆಡಬೇಕು. ಮೊದಲ ಎರಡು ಬೇಸಗೆಗಳಲ್ಲಿ ತಪ್ಪದೆ ನೀರೆರೆಯಬೇಕು.

ಇದು ಕೇವಲ ವಿನೋದದ ಮಾತಲ್ಲ. ಜಯನಗರವು ೧೯೪೮ರಲ್ಲಿ ಮೊದಲಾದ ಬಡಾವಣೆ; ಅದರ ನೆರಳು ಒಂದು ತಲೆಮಾರಿನವರು ನೆಟ್ಟು ಕಾಪಾಡಿದ್ದು. ೨೦೦೯ರಲ್ಲಿ ಮೆಟ್ರೋ ರೈಲಿನ ಮಾರ್ಗಕ್ಕಾಗಿ ನಂದಾ ರಸ್ತೆಯ ಕಡೆ ಮರಗಳನ್ನು ಕಡಿಯಹೊರಟಾಗ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ಆದರೆ ಎಲೆ ಉದುರಿ ಅಂಗಳ ಹೊಲಸಾಗುವುದೆಂಬ ಒಂದೇ ಕಾರಣಕ್ಕೆ ತಮ್ಮ ಮನೆಯ ಮರವನ್ನು ಕಡಿಸುವವರೂ ನಮ್ಮಲ್ಲಿಲ್ಲದಿಲ್ಲ. ಉದುರುವಿಕೆಯನ್ನು ಸಹಿಸದವನಿಗೆ ಚಿಗುರನ್ನು ಕಾಣುವ ಭಾಗ್ಯವಿಲ್ಲ. ಆ ಎಲೆಗಳನ್ನು ಗುಡಿಸಿ ಸುಡದೆ, ಮೂಲೆಯ ಗುಂಡಿಯಲ್ಲಿ ಸಗಣಿಯ ನೀರಿನೊಡನೆ ತುಂಬಿಟ್ಟರೆ, ವರ್ಷ ಕಳೆಯುವಷ್ಟರಲ್ಲಿ ಅದೇ ಮರಕ್ಕೆ ಗೊಬ್ಬರವಾಗುವುದು.