ಆಡದವರಿಗೂ ಒಂದು ಬಹುಮಾನ

ದೆಹಲಿಯ ಬಿಸಿಲಿಗೆ ಹೆದರಿ ಕಳೆದ ಬೇಸಗೆಯಲ್ಲಿ ನಾವು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಮೊಮ್ಮಗ ನಮಗೆ ಬೇಸ್‌ಬಾಲಿನ ದೀಕ್ಷೆ ಕೊಟ್ಟ. ಆಟ ಪೂರಾ ಅರ್ಥವಾಯಿತೆಂದರೆ ಸುಳ್ಳಾದೀತು. ಆದರೆ ಆಟಗಾರರ ನಡುವೆ, ಅವರಂತೆಯೇ ಸಮವಸ್ತ್ರ ತೊಟ್ಟು, ಬ್ಯಾಟು ಹಿಡಿಯದೆ, ಚೆಂಡು ಎಸೆಯದೆ ನಿಂತಿದ್ದ ನರೆಗೂದಲಿನವರೊಬ್ಬರು ನಮ್ಮ ಕಣ್ಣು ಸೆಳೆದರು.

"ಅವರು ಮ್ಯಾನೇಜರು, ತಾತ" ಎಂದ ಮೊಮ್ಮಗ.

ಮ್ಯಾನೇಜರೆಂದರೆ ನಮಗೆ ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಕೂತವರು. ಇವರ ಕೆಲಸವೇ ಬೇರೆ. ಯಾರ ನಂತರ ಯಾರು ಬ್ಯಾಟು ಹಿಡಿಯಬೇಕು, ಚೆಂಡೆಸೆಯುವವನ ತೋಳು ದಣಿದಾಗ ಯಾರನ್ನು ಕರೆಯಬೇಕು ಎಂಬುದನ್ನು ವರ್ಷಕ್ಕೆ ೧೬೨ ಪಂದ್ಯಗಳಲ್ಲಿ ನಿರ್ಧರಿಸುವವರು. ಗೆದ್ದರೆ ಆಟಗಾರನ ಚಿತ್ರ ಪತ್ರಿಕೆಯಲ್ಲಿ. ಸೋತರೆ ಇವರ ಕೆಲಸಕ್ಕೆ ಕುತ್ತು.

ಇಂಥವರಿಗೂ ಅಲ್ಲೊಂದು ಪ್ರಶಸ್ತಿಯಿದೆ. ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘದವರು ೧೯೮೩ರಿಂದ ಎರಡು ಲೀಗುಗಳಿಗೂ ಒಬ್ಬೊಬ್ಬ 'ವರ್ಷದ ಮ್ಯಾನೇಜರ'ರನ್ನು ಆರಿಸುತ್ತ ಬಂದಿದ್ದಾರೆ. ಮೊದಲ ವರ್ಷ ಅದು ಷಿಕಾಗೋ ವೈಟ್ ಸಾಕ್ಸಿನ ಟೋನಿ ಲಾ ರೂಸಾ, ಲಾಸ್ ಏಂಜಲೀಸ್ ಡಾಡ್ಜರ್ಸಿನ ಟಾಮಿ ಲಸೋರ್ಡ ಇವರಿಗೆ ಸಂದಿತು. ಈಗಿನ ಪದ್ಧತಿಯಲ್ಲಿ ಪತ್ರಕರ್ತರು ಮೂರು ಹೆಸರು ಬರೆಯುತ್ತಾರೆ. ಅವಕ್ಕೆ ಕ್ರಮವಾಗಿ ೫, ೩, ೧ ಅಂಕ. ಸ್ವಾರಸ್ಯವೆಂದರೆ, ಕೊನೆಯ ಸುತ್ತಿನ ಪಂದ್ಯಗಳು ಆರಂಭವಾಗುವ ಮೊದಲೇ ಮತದಾನ ಮುಗಿದಿರುತ್ತದೆ. ಕಿರೀಟ ಗೆದ್ದವರಿಗೇ ಸಲ್ಲಬೇಕೆಂದಿಲ್ಲ. ಕೈಗೆ ಬಂದುದೆಷ್ಟು, ಅದರಿಂದ ಮಾಡಿದುದೆಷ್ಟು ಎಂಬ ತೂಕವೇ ಇಲ್ಲಿ ಹೆಚ್ಚು.

ಮೊಮ್ಮಗ ಕಥೆಗಳನ್ನು ಹೇಳುತ್ತ ಹೋದ. ೧೯೮೮ರಲ್ಲಿ ಬಾಲ್ಟಿಮೋರ್ ತಂಡ ಮೊದಲ ೨೧ ಪಂದ್ಯಗಳನ್ನೂ ಸೋತು ನಗೆಪಾಟಲಾಗಿತ್ತು; ವರ್ಷದ ಒಟ್ಟು ಸೋಲು ೧೦೭. ಆರು ಸೋಲುಗಳಾದ ಮೇಲೆ ಅದನ್ನು ವಹಿಸಿಕೊಂಡವರು ಫ್ರ್ಯಾಂಕ್ ರಾಬಿನ್ಸನ್. ೧೯೭೫ರಲ್ಲಿ ಮೇಜರ್ ಲೀಗಿನ ಮೊದಲ ಕಪ್ಪುವರ್ಣೀಯ ಮ್ಯಾನೇಜರಾದವರು. ಮರುವರ್ಷ ಅದೇ ತಂಡ ೮೭ ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಎರಡನೆಯದಾಯಿತು. ಪ್ರಶಸ್ತಿ ರಾಬಿನ್ಸನ್ನರಿಗೆ ಬಂತು. ೨೦೦೬ರ ಕಥೆ ಇನ್ನೂ ವಿಚಿತ್ರ. ಫ್ಲಾರಿಡಾ ತಂಡದ ಜೋ ಜಿರಾರ್ಡಿ ಎಳೆಯರನ್ನು ಕಟ್ಟಿಕೊಂಡು ೭೮ ಗೆದ್ದರು, ೮೪ ಸೋತರು. ಮಾಲೀಕರೊಡನೆ ಮನಸ್ತಾಪವಾಗಿ ಅಕ್ಟೋಬರಿನಲ್ಲಿ ಕೆಲಸ ಹೋಯಿತು. ನವೆಂಬರಿನಲ್ಲಿ ಪ್ರಶಸ್ತಿ ಬಂತು!

ನಾವು ನಕ್ಕೆವು. ನಮ್ಮಾಕೆ ನಗಲಿಲ್ಲ. "ಹೋದ ರಾಜ್ಯೋತ್ಸವದಲ್ಲಿ ನಾಟಕಕ್ಕೆ ಬಹುಮಾನ ಹಂಚಿದಿರಲ್ಲ, ಕಲಿಸಿದಾಕೆಗೆ ಏನು ಕೊಟ್ಟಿರಿ?" ಎಂದಳು.

ಬಹುಮಾನ ಸಮಿತಿಯಲ್ಲಿ ನಾವೇ ಇದ್ದೆವು. ರಾಜನಿಗೆ, ಮಂತ್ರಿಗೆ, ವಿದೂಷಕನಿಗೆ ಬೆಳ್ಳಿಯ ಬಟ್ಟಲು ಕೊಟ್ಟಿದ್ದೆವು. ದೆಹಲಿಯಲ್ಲೇ ಹುಟ್ಟಿದ ನಮ್ಮ ರಾಜ 'ನನ್ನ ಹಳ್ಳಿ' ಎನ್ನಲಾರದೆ 'ನನ್ನ ಹಲ್ಲಿ' ಎನ್ನುತ್ತಿದ್ದ. ಮೂರು ತಿಂಗಳ ಭಾನುವಾರಗಳೆಲ್ಲ ಕೂತು ಅವನ ನಾಲಗೆ ತಿದ್ದಿ, ಆ ಸಂಜೆ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತಿದ್ದಾಕೆಯ ಹೆಸರು ವಂದನಾರ್ಪಣೆಯಲ್ಲೂ ಬರಲಿಲ್ಲ. ಆಮೇಲೆ ಅವರು ಸಂಘದ ಕಡೆ ಬಂದಿರಲಿಲ್ಲ; ಏಕೆಂದು ನಾವು ಕೇಳಿಯೂ ಇರಲಿಲ್ಲ.

ದೆಹಲಿಗೆ ಮರಳಿದ ವಾರವೇ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಕಾಫಿ ಕೊಟ್ಟರು, ನಾಟಕದ ಮಾತೆತ್ತಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು:

"ಆ ಹಲ್ಲಿಯ ರಾಜ ಈ ವರ್ಷವೂ ಇದ್ದಾನೆಯೆ?"