ಚಿನ್ನದ ಊರಿನಲ್ಲಿ ಕಾಯಕದ ಪ್ರಶ್ನೆ



ಬೆಳಗಿನ ಜಾವ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಿದವರಿಗೆ ಉದ್ಯೋಗವೆಂಬ ಮಾತಿನ ಭಾರ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ನಿಲ್ದಾಣಗಳಿಂದ ಹತ್ತಿದ ಜನ, ಬಂಗಾರಪೇಟೆಯಲ್ಲಿ ಕಾದು ನಿಂತ ಜನ, ಎಲ್ಲರೂ ಒಂದಾಗಿ ಬೆಂಗಳೂರಿನ ಕಡೆಗೆ ಹೊರಡುತ್ತಾರೆ. ದಾರಿ ಸುಮಾರು 70 ಕಿಲೋಮೀಟರು. ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಲ್ಲಿಯೇ ನಿದ್ರೆ ಹೋಗುವವರುಂಟು, ನಿಂತೇ ತೂಕಡಿಸುವವರುಂಟು. ರಾತ್ರಿ ಇವರು ಮನೆಗೆ ಮರಳುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ.

ಚಿನ್ನ ಬೆಳೆದ ನೆಲದ ಮಕ್ಕಳು ಅನ್ನಕ್ಕಾಗಿ ಹೀಗೆ ದಿನವೂ ಪರಸ್ಥಳಕ್ಕೆ ಹೋಗಿಬರಬೇಕಾದುದೇಕೆ ಎಂಬುದನ್ನು ಹಿರಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ಕೆಲಸವನ್ನು ಕೈಗೆತ್ತಿಕೊಂಡರು. ಈ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ವಿದ್ಯುತ್ತನ್ನು ತಂದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿತು. ಆದರೆ ಆಳ ಹೆಚ್ಚಿದಂತೆ ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು, ಖರ್ಚು ಏರಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, ಬಳಿಕ ಕೇಂದ್ರ ಸರ್ಕಾರದ ಕೈ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ತಾತ, ತಂದೆ, ಮಗ ಎಂಬ ಕ್ರಮದಲ್ಲಿ ಮೂರು ತಲೆಮಾರು ನಂಬಿದ್ದ ಕೆಲಸ ಅಂದಿಗೆ ಇಲ್ಲವಾಯಿತು. ತಂದೆಯ ಕೆಲಸ ಮಗನಿಗೆ ಸಿಕ್ಕೇ ಸಿಗುವುದೆಂಬ ನೆಚ್ಚಿಕೆಯಲ್ಲಿ, ತನಗೆ ಏನು ಬರುತ್ತದೆ, ಏನು ಬೇಕು ಎಂಬುದನ್ನು ಕೇಳಿಕೊಳ್ಳದೆಯೇ ಬೆಳೆದ ಯುವಕರು ಅಲ್ಲಿ ಬಹುಮಂದಿ ಇದ್ದರು.

ಆದರೆ ಆ ಪ್ರಶ್ನೆಯನ್ನು ಕೇಳಿಕೊಂಡು ಬಂದ ಒಬ್ಬ ಹುಡುಗನಿಗೆ ನಾವು ಮಾಡಿದ ಅನ್ಯಾಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.

ಇದು 1997ರ ಮಾತು. ಬಂಗಾರಪೇಟೆ ಕಡೆಯ ಆ ಹುಡುಗ ನಮ್ಮ ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದನು. ಬಾವಿಯ ಪಂಪು ಕೆಟ್ಟರೆ ಅವನೇ ಬಿಚ್ಚುವನು, ಧ್ವನಿವರ್ಧಕ ನಿಂತರೆ ಅವನನ್ನೇ ಕೂಗಬೇಕು. ಪಿಯುಸಿ ಮುಗಿದಾಗ ನಮ್ಮ ಬಳಿಗೆ ಬಂದು, "ಬುದ್ಧೀ, ಐಟಿಐ ಸೇರಬೇಕು ಅಂತಿದ್ದೀನಿ, ಅಪ್ಪಣೆಯಾಗಬೇಕು" ಎಂದನು. ನಾವು ಆಗಷ್ಟೇ ವಿಶ್ವವಿದ್ಯಾನಿಲಯದ ಪದವಿ ಪಡೆದು ಬಂದಿದ್ದೆವು. ಕುರ್ಚಿ ಮೇಜಿನ ಕೆಲಸವೇ ಮೇಲೆಂಬ ಭ್ರಮೆ ನಮ್ಮನ್ನೂ ಬಿಟ್ಟಿರಲಿಲ್ಲ. "ಇಷ್ಟು ಬುದ್ಧಿವಂತನಾಗಿ ಸ್ಪ್ಯಾನರ್ ಹಿಡಿಯುವೆಯಾ? ಬಿ.ಎ. ಮಾಡು, ಸರ್ಕಾರಿ ಪರೀಕ್ಷೆ ಬರೆ" ಎಂದೆವು. ಮಠದ ಮಾತನ್ನು ಮೀರುವ ಸ್ವಭಾವ ಅವನದಾಗಿರಲಿಲ್ಲ. ಬಿ.ಎ. ಮುಗಿಸಿ ಆರು ವರ್ಷ ಪರೀಕ್ಷೆಗಳನ್ನು ಬರೆದನು, ತಂದೆ ಎರಡು ಎಕರೆ ಹೊಲವನ್ನು ಕಳೆದುಕೊಂಡರು, ಕೆಲಸ ದೊರೆಯಲಿಲ್ಲ.

ಇಂದು ಅವರಿಗೆ ನಲವತ್ತೈದು ದಾಟಿದೆ. ಬಂಗಾರಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಕೋಲಾರ ಸೀಮೆಯಲ್ಲಿ ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆಯುತ್ತಾರೆ. ಅಷ್ಟು ಆಳದಿಂದ ನೀರೆತ್ತುವ ಮೋಟಾರುಗಳು ಸುಡುವುದೂ ಹೆಚ್ಚು, ಟೊಮೆಟೊ ಬೆಳೆಗಾರನು ಒಂದು ದಿನವನ್ನೂ ಕಾಯಲಾರನು. ಆದುದರಿಂದ ಅವರ ಅಂಗಡಿಯಲ್ಲಿ ಕೆಲಸಕ್ಕೆ ಬಿಡುವಿಲ್ಲ. ಮೂವರು ಹುಡುಗರಿಗೆ ಸಂಬಳ ಕೊಡುತ್ತಾರೆ. ಕಳೆದ ಕಾರ್ತಿಕದಲ್ಲಿ ಅವರ ಮನೆಯಲ್ಲಿ ಪೂಜೆಗೆ ಹೋದಾಗ, ಆ ವರ್ಷಗಳ ವಿಷಯವನ್ನು ನಾವೇ ಎತ್ತಿದೆವು. ಅವರು ನಕ್ಕು, "ಬುದ್ಧೀ, ಅದನ್ನೆಲ್ಲ ಈಗ ಯಾಕೆ, ಪ್ರಸಾದಕ್ಕೆ ಏಳಬೇಕು" ಎಂದುಬಿಟ್ಟರು. ಆ ನಗೆಯ ಮುಂದೆ ನಮಗೆ ಪ್ರಸಾದ ರುಚಿಸಲಿಲ್ಲ.

ನಾವು ನಿತ್ಯವೂ ಸ್ಮರಿಸುವ ಶರಣರ ಹೆಸರುಗಳನ್ನೇ ನೋಡಿರಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಹೆಸರಿನ ಮುಂದೆ ಕಾಯಕವನ್ನು ಇಟ್ಟುಕೊಳ್ಳಲು ಅವರು ನಾಚಲಿಲ್ಲ. ನಾವಾದರೋ ವೇದಿಕೆಯ ಮೇಲೆ ಆ ಹೆಸರುಗಳನ್ನು ಕೊಂಡಾಡಿ, ಕೆಳಗಿಳಿದೊಡನೆ ಕೈಕೆಲಸ ಬಲ್ಲ ಹುಡುಗನನ್ನು ಗುಮಾಸ್ತಿಕೆಗೆ ಅಟ್ಟುತ್ತೇವೆ. ಇನ್ನೊಂದು ತಪ್ಪು ಗ್ರಹಿಕೆಯೂ ಉಂಟು. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಹೇಳಿ, ಸಂಬಳದ ಲೆಕ್ಕ ಹಾಕುವುದೇ ಕಾಯಕಕ್ಕೆ ಕುಂದೆಂದು ಬೋಧಿಸುವವರಿದ್ದಾರೆ. ಆ ತಾಯಿ ಹಿಂದಿರುಗಿಸಿದ್ದು ಹೆಚ್ಚಾದುದನ್ನು ಮಾತ್ರ. ನಿತ್ಯದ ಅಳತೆಗಿಂತ ಕಡಿಮೆ ತಂದಿದ್ದರೆ ಜಂಗಮ ದಾಸೋಹ ನಡೆಯುವುದು ಹೇಗೆಂದು ಆಕೆಯೇ ಕೇಳುತ್ತಿದ್ದಳೆಂದು ನಮ್ಮ ಎಣಿಕೆ. ದುಡಿದವನಿಗೆ ತಕ್ಕ ಕೂಲಿ ಬಾರದಿದ್ದರೆ ದಾಸೋಹವೆಂಬುದು ಬರಿಯ ಮಾತು. ಯುವಕನೊಬ್ಬನು "ಇದರಲ್ಲಿ ಎಷ್ಟು ಸಂಬಳ ಬರುತ್ತದೆ?" ಎಂದು ಕೇಳಿದರೆ ಅದು ಲೋಭವಲ್ಲ, ವಿವೇಕ.

ಈಗ ಈ ಲೇಖನಕ್ಕೆ ಕಾರಣವಾದ ಸಂಗತಿಗೆ ಬರುತ್ತೇವೆ. ಅಂದು ಪೂಜೆ ಮುಗಿದ ಮೇಲೆ ಅಂಗಡಿಯವರ ಮಗಳು ತನ್ನ ಗೆಳತಿಯನ್ನೂ ಆಕೆಯ ಅಜ್ಜಿಯನ್ನೂ ಕರೆತಂದಳು. ಅವರು ತಮಿಳು ಮನೆಮಾತಿನವರು, ಚಾಂಪಿಯನ್ ರೀಫಿನ ಹಳೆಯ ಗಣಿ ಲೈನ್‌ಮನೆಯಲ್ಲಿ ವಾಸ. ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ಮನೆಯವರು ಕಂಪ್ಯೂಟರ್ ಎಂಜಿನಿಯರಿಂಗ್ ಓದೆನ್ನುತ್ತಾರೆ. ಆಕೆಗೆ ಬೇಕಾದುದು ಗಣಿ ಎಂಜಿನಿಯರಿಂಗ್. ಸೈನೈಡ್ ದಿಬ್ಬಗಳ ನೆರಳಿನಲ್ಲಿ ಆಡಿ ಬೆಳೆದವಳು. ಚಿಕ್ಕಂದಿನಿಂದ ಕಲ್ಲುಗಳನ್ನು ಆಯ್ದು ತಂದು ಹೆಸರು ಬರೆದು ಇಟ್ಟಿದ್ದಾಳೆ, ಗಣಿತದಲ್ಲಿಯೂ ಗಟ್ಟಿಗಳು.

ಅಜ್ಜಿಯ ಗಂಡ ಗಣಿಯ ಒಳಗೆ ಕಲ್ಲು ಕೊರೆಯುತ್ತಿದ್ದವರು. ಧೂಳು ಎದೆಗೆ ಕೂತು, ಕೆಮ್ಮಿ ಕೆಮ್ಮಿ ತೀರಿಕೊಂಡರು. ಆ ತಾಯಿ ತಮಿಳು ಬೆರೆತ ಕನ್ನಡದಲ್ಲಿ, "ಸಾಮೀ, ಆ ಗುಂಡಿ ಒಬ್ಬರನ್ನ ನುಂಗಿದ್ದು ಸಾಕು. ಬೇಡ ಅಂತ ನೀವು ಒಂದು ಮಾತು ಹೇಳಿ, ನೀವು ಹೇಳಿದರೆ ಕೇಳುತ್ತಾಳೆ" ಎಂದರು.

ನೀವು ಹೇಳಿದರೆ ಕೇಳುತ್ತಾಳೆ! ಅಂಗಡಿಯವರು ಬಾಗಿಲ ಬಳಿ ನಿಂತಿದ್ದರು. ನಾವು ಅವರ ಮುಖವನ್ನು ನೋಡಲಾರದೆ ಹೋದೆವು.

ಬೇಡವೆಂದೂ ಹೇಳಲಿಲ್ಲ, ಆಗಲೆಂದೂ ಹೇಳಲಿಲ್ಲ. ಹುಡುಗಿಯನ್ನೇ ಕೇಳಿದೆವು: "ಮಗೂ, ಕೆಲಸ ಎಲ್ಲಿ ಸಿಗುತ್ತದೆ? ಹೆಣ್ಣುಮಕ್ಕಳನ್ನು ಗಣಿಯ ಒಳಗೆ ಬಿಡುತ್ತಾರೆಯೇ?" ಆಕೆ ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. 1952ರ ಗಣಿ ಕಾಯಿದೆಯು ಹೆಂಗಸರು ನೆಲದೊಳಗಿನ ಗಣಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿ, ತಾಂತ್ರಿಕ, ಮೇಲ್ವಿಚಾರಣೆಯ ಹಾಗೂ ಆಡಳಿತದ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಅವರು ಇಳಿಯಬಹುದೆಂದು ಅನುಮತಿಸಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬ ಎಂಜಿನಿಯರು ಜಾರ್ಖಂಡಿನ ಚುರಿ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರಿದರು. ನಮ್ಮ ನಾಡಿನಲ್ಲಿಯೇ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ನಡೆಯುತ್ತಿದೆ. ಬಳ್ಳಾರಿ, ಸಂಡೂರಿನ ಕಡೆ ಕಬ್ಬಿಣದ ಅದಿರು, ಕಲಬುರಗಿಯ ಕಡೆ ಸಿಮೆಂಟಿನ ಸುಣ್ಣದಕಲ್ಲು, ಎಲ್ಲಕ್ಕೂ ಗಣಿ ಬಲ್ಲವರು ಬೇಕು. ಓದಲು ದೂರ ಹೋಗಬೇಕಾಗಿಲ್ಲ. ಊರಗಾಂನ ಎಂಜಿನಿಯರಿಂಗ್ ಕಾಲೇಜಿನಲ್ಲಿಯೇ ಆ ವಿಭಾಗವುಂಟು.

"ಕಂಪ್ಯೂಟರ್ ಓದಿದರೆ ನಾನೂ ಆರು ಗಂಟೆಯ ಗಾಡಿ ಹತ್ತಬೇಕು. ಅಪ್ಪ ಇಪ್ಪತ್ತು ವರ್ಷದಿಂದ ಹತ್ತುತ್ತಿದ್ದಾರೆ" ಎಂದಳು. ಇದರಲ್ಲಿ ಎಳೆತನದ ಹಟವೂ ಇದ್ದೀತು. ಗಣಿಯ ಕೆಲಸಕ್ಕೆ ಊರು ಬಿಟ್ಟೇ ಹೋಗಬೇಕಾಗುತ್ತದೆಂಬುದನ್ನು ನಾವು ನೆನಪಿಸಿದೆವು. ಪದವಿಯೊಂದರಿಂದಲೇ ಮ್ಯಾನೇಜರಾಗಲು ಬಾರದು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಬರೆದು ಅರ್ಹತಾಪತ್ರ ಪಡೆಯಬೇಕು, ಅದಕ್ಕೆ ಗಣಿಯಲ್ಲಿ ದುಡಿದ ಅನುಭವವೂ ಬೇಕು. ಅದು ಆಕೆಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ: ಗಣಿಯ ಒಳಗೆ ಒಂದು ದಿನ ಹೇಗಿರುತ್ತದೆಂಬುದು. ತಾತ ತೀರಿಕೊಂಡಾಗ ಆಕೆ ಹುಟ್ಟಿರಲಿಲ್ಲ. ಗಣಿ ಮುಚ್ಚಿದ ಮೇಲೆ ಹುಟ್ಟಿದವಳು, ಇಳಿಯುವ ಕೇಜನ್ನು ತುಕ್ಕು ಹಿಡಿದಲ್ಲದೆ ಕಂಡವಳಲ್ಲ.

ಎಳೆಯರು ವೃತ್ತಿಯನ್ನು ಆರಿಸುವಾಗ ನಮ್ಮಲ್ಲಿ ಅಂಕಪಟ್ಟಿಯನ್ನು ನೋಡುತ್ತಾರೆ, ನೆಂಟರ ಮಗನನ್ನು ನೋಡುತ್ತಾರೆ, ಇತ್ತೀಚೆಗೆ ನರಸಾಪುರದ ಕಾರ್ಖಾನೆಗಳ ಬಸ್ಸನ್ನು ನೋಡುತ್ತಾರೆ. ಆ ವೃತ್ತಿಯವರು ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನು ಮಾಡುತ್ತಾರೆಂಬುದನ್ನು ಮಾತ್ರ ಯಾರೂ ಹೋಗಿ ನೋಡುವುದಿಲ್ಲ. ಆ ಹುಡುಗನನ್ನು ನಾವು 1997ರಲ್ಲಿ ಒಂದು ವಾರ ಯಾವುದಾದರೂ ಕಚೇರಿಯಲ್ಲಿ ಕೂರಿಸಿ, ಇನ್ನೊಂದು ವಾರ ವರ್ಕ್‌ಶಾಪಿನಲ್ಲಿ ನಿಲ್ಲಿಸಿದ್ದರೆ, ಉತ್ತರ ನಮಗೂ ಕಾಣುತ್ತಿತ್ತು.

ಆದುದರಿಂದ ರಾಯಚೂರಿನ ಒಬ್ಬ ಶಿಷ್ಯರಿಗೆ ಪತ್ರ ಬರೆದೆವು. ಅವರ ಬಂಧುವೊಬ್ಬರು ಹಟ್ಟಿಯಲ್ಲಿ ಎಂಜಿನಿಯರು. ಒಳಗೆ ಇಳಿಯಲು ಅನುಮತಿ ದೊರೆಯುವುದೋ ಇಲ್ಲವೋ, ಮೇಲಿನ ಯಂತ್ರಾಗಾರವನ್ನೂ ಅಲ್ಲಿನವರ ಸಂಸಾರಗಳನ್ನೂ ನೋಡಿ ಬರಬಹುದು. ಧೂಳಿನ ವಿಷಯವಾಗಿ ಅಜ್ಜಿ ಕೇಳಿದ್ದನ್ನೂ ಬರೆದೆವು. ಕಲ್ಲು ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸುತ್ತಾರೆ, ಗಾಳಿಯಾಡಲು ದೊಡ್ಡ ಫ್ಯಾನುಗಳಿವೆ, ಆದರೆ ಅಪಾಯವಿಲ್ಲವೆಂದು ಹೇಳಲಾರೆವು ಎಂದು ಅವರು ನೇರವಾಗಿಯೇ ಉತ್ತರಿಸಿದರು. ಆ ಪತ್ರವನ್ನು ಮರೆಮಾಚದೆ ಅಜ್ಜಿಗೆ ಓದಿ ಹೇಳುವಂತೆ ಅಂಗಡಿಯವರಿಗೆ ಕಳುಹಿಸಿದೆವು.

ಮೊನ್ನೆ ಅವರಿಂದ ಸುದ್ದಿ ಬಂದಿದೆ. ಪರೀಕ್ಷೆ ಮುಗಿದ ಮಾರನೆಯ ವಾರ ಹುಡುಗಿ ಹಟ್ಟಿಗೆ ಹೊರಡುತ್ತಾಳಂತೆ. ಅಜ್ಜಿ ತಾವೂ ಹೋಗುವುದಾಗಿ ಹಟ ಹಿಡಿದಿದ್ದಾರಂತೆ, ಬಾಯಿಂದ ಬಾಯಿಗೆ ಕೇಳಿದ್ದನ್ನು ನಂಬುವವರಲ್ಲ ಅವರು. ಆ ಸೀಮೆಯಲ್ಲಿ ಬರಿಯ ಜೋಳದ ರೊಟ್ಟಿಯೇ, ಅನ್ನ ಸಿಗುತ್ತದೆಯೇ ಎಂದು ಕೇಳಿ ಕಳುಹಿಸಿದ್ದಾರೆ. ಸಿಗುತ್ತದೆಂದು ಬರೆದಿದ್ದೇವೆ.